ಲಾರಿ ಚಾಲಕನಾಗಬೇಕೆ? ಉತ್ತರ ಕನ್ನಡದಲ್ಲಿ ಶುರುಮಾಡುವವರಿಗೆ ಸಮಗ್ರ ಮಾರ್ಗದರ್ಶಿ

"ಅಣ್ಣಾ, ಹೆವಿ ಲೈಸೆನ್ಸ್ ಮಾಡಿಸಿದ್ರೆ ಕೆಲಸ ಸಿಗ್ತದಾ?"

ಅಂಕೋಲೆಯ ಬಾಳೆಗುಳಿ ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗಲೆಲ್ಲ ಯಾವನಾದರೊಬ್ಬ ಹುಡುಗ ಇದನ್ನು ಕೇಳುತ್ತಾನೆ. ಗೋವಾದ ಹೋಟೆಲ್ ಕೆಲಸ ಬಿಟ್ಟು ಬಂದವನು, ಡಿಗ್ರಿ ಅರ್ಧಕ್ಕೆ ನಿಲ್ಲಿಸಿದವನು, ಬೋಟಿನ ಕೆಲಸ ಸಾಕಾಗಿ ದಡ ಹತ್ತಿದವನು, ಹೀಗೆ. ಸಿಗುತ್ತದೆ ಎಂದೇ ಹೇಳುತ್ತೇನೆ. ಒಳ್ಳೆಯ ಚಾಲಕ ಸಿಗದೆ ಅಂಗಳದಲ್ಲಿ ನಿಂತ ಲಾರಿಗಳು ನಮ್ಮ ಜಿಲ್ಲೆಯಲ್ಲೇ ಇವೆ. ಆದರೆ ಲೈಸೆನ್ಸ್ ಕೈಗೆ ಬಂದ ದಿನ ನೀವು ಚಾಲಕರಾಗಿರುವುದಿಲ್ಲ. ನಮ್ಮದು ಘಟ್ಟದ ಜಿಲ್ಲೆ. ಕರಾವಳಿಯಿಂದ ಯಾವ ಲೋಡು ಒಳನಾಡಿಗೆ ಹೋಗಬೇಕಾದರೂ ಅರಬೈಲ್, ದೇವಿಮನೆ, ಗೇರುಸೊಪ್ಪೆ, ಅಣಶಿ, ದೊಡ್ಡಮನೆ ಇವುಗಳಲ್ಲೊಂದು ಹತ್ತಬೇಕು, ಬರುವಾಗ ಇಳಿಯಬೇಕು. ಹತ್ತುವುದನ್ನು ಎಂಜಿನ್ ಮಾಡುತ್ತದೆ. ಇಳಿಸುವುದು ಚಾಲಕನ ಕೆಲಸ. ಮೊದಲ ವರ್ಷವನ್ನು ದುಡಿಮೆಗೆ ಅಂತ ಎಣಿಸದೆ, ತುಂಬಿದ ಲಾರಿಯನ್ನು ಇಳಿಸಲು ಕಲಿಯುವುದಕ್ಕೆ ಅಂತ ಎತ್ತಿಡಿ. ಕೆಳಗೆ ಬರೆದದ್ದೆಲ್ಲ ಆ ಒಂದು ವರ್ಷಕ್ಕಾಗಿಯೇ.

ಲೈಸೆನ್ಸಿಗೂ ಮೊದಲು ನಾಲ್ಕು ಟ್ರಿಪ್

ದುಡ್ಡು ಖರ್ಚು ಮಾಡುವ ಮೊದಲು ಪರಿಚಯದ ಚಾಲಕರೊಬ್ಬರ ಜೊತೆ ನಾಲ್ಕು ಟ್ರಿಪ್ ಹೋಗಿ ಬನ್ನಿ. ಪಕ್ಕದ ಸೀಟಿನಲ್ಲಿ ಕುಳಿತು ಊರು ನೋಡಿ ಬರುವುದಲ್ಲ. ಟಯರ್ ತಟ್ಟಿ ನೋಡುವುದು, ಹಗ್ಗ ಎಳೆಯುವುದು, ರಿವರ್ಸಿನಲ್ಲಿ ಹಿಂದೆ ನಿಂತು ಸೈಡು ಹೇಳುವುದು, ಇದೆಲ್ಲ ನಿಮ್ಮ ಪಾಲಿಗೆ ಬರಲಿ. ಹುಬ್ಬಳ್ಳಿಯ ಗೋದಾಮಿನ ಮುಂದೆ ಲೋಡು ಇಳಿಸಲು ಒಂದೂವರೆ ದಿನ ಕಾಯಬೇಕಾದೀತು. ಸ್ನಾನಕ್ಕೆ ನೀರು ಸಿಗದಿರಬಹುದು. ಬೆಳಗಿನ ನಾಲ್ಕು ಗಂಟೆಗೆ ಕಣ್ಣು ಎಳೆಯುವುದು ಹೇಗಿರುತ್ತದೆ ಅನ್ನುವುದೂ ಗೊತ್ತಾಗುತ್ತದೆ. ನಾಲ್ಕನೇ ಟ್ರಿಪ್ ಮುಗಿದ ಮೇಲೂ ಸ್ಟಿಯರಿಂಗ್ ಮೇಲೆ ಮನಸ್ಸಿದ್ದರೆ ಮುಂದಿನ ಮಾತು.

ನಾನು ಈ ಕೆಲಸಕ್ಕೆ ಬಂದದ್ದು ಕ್ಲೀನರ್ ಆಗಿ. ನನ್ನನ್ನು ತಯಾರು ಮಾಡಿದ ಹಿರಿಯ ಚಾಲಕರು ಎಂಟು ತಿಂಗಳು ಸ್ಟಿಯರಿಂಗ್ ಮುಟ್ಟಗೊಡಲಿಲ್ಲ. ಆಗ ಸಿಟ್ಟು ಬರುತ್ತಿತ್ತು. ಈಗ ಅನಿಸುತ್ತದೆ, ಆ ಎಂಟು ತಿಂಗಳಲ್ಲಿ ಕಿವಿ ತಯಾರಾಯಿತು. ಎಂಜಿನ್ನಿನ ದನಿ, ಗಾಳಿ ಸೋರುವ ಸದ್ದು, ಲೋಡು ಜರುಗಿದಾಗ ಹಗ್ಗ ಕಿರುಗುಟ್ಟುವುದು ಎಲ್ಲ ನೋಡದೆಯೇ ತಿಳಿಯುತ್ತದೆ. ಈಗ ಕ್ಲೀನರ್ ಇಲ್ಲದ ಲಾರಿಗಳೇ ಹೆಚ್ಚಾಗಿರುವುದರಿಂದ ಆ ಕಲಿಕೆಯ ದಾರಿ ಮುಚ್ಚುತ್ತ ಬಂದಿದೆ. ಅದಕ್ಕೇ ನೀವಾಗಿ ಹುಡುಕಿಕೊಂಡು ಹೋಗಬೇಕು.

ಕಣ್ಣು ತೋರಿಸಿಕೊಳ್ಳಿ. ದೂರದ ನೋಟ, ರಾತ್ರಿಯ ನೋಟ, ಬಣ್ಣ ಗುರುತಿಸುವುದು ಮೂರನ್ನೂ ನೋಡಿಸಿ. ಬಿಪಿ, ಶುಗರ್ ಪರೀಕ್ಷೆಯೂ ಆಗಲಿ. ಹೇಗೂ ವೈದ್ಯರಿಂದ ನಮೂನೆ 1ಎ ಪ್ರಮಾಣಪತ್ರ ಬೇಕೇ ಬೇಕು. ಅದನ್ನು ಸಹಿಗೆ ಮಾತ್ರ ಅಂದುಕೊಳ್ಳದೆ ನಿಜವಾಗಿ ಪರೀಕ್ಷೆ ಮಾಡಿಸಿಕೊಳ್ಳಿ.

ಲೈಸೆನ್ಸ್: ಯಾವುದು, ಯಾವಾಗ

ಹದಿನೆಂಟು ತುಂಬಿದ ಮೇಲೆ ಎಲ್‌ಎಂವಿ, ಅಂದರೆ ಲಘು ವಾಹನದ ಲೈಸೆನ್ಸ್ ಮಾಡಿಸಬಹುದು. ಅದು ಕೈಗೆ ಬಂದು ಕನಿಷ್ಠ 1 ವರ್ಷ ಆಗಿರಬೇಕು, ವಯಸ್ಸು 20 ತುಂಬಿರಬೇಕು. ಈ ಎರಡೂ ಆದ ಮೇಲೆಯೇ ಭಾರಿ ಸಾರಿಗೆ ವಾಹನದ ದಾರಿ ತೆರೆಯುತ್ತದೆ. ಹಿಂದೆ 8ನೇ ತರಗತಿ ಪಾಸಾಗಿರಬೇಕೆಂಬ ಷರತ್ತಿತ್ತು, 2019ರಲ್ಲಿ ಅದನ್ನು ತೆಗೆದರು. ಶಾಲೆ ಅರ್ಧಕ್ಕೆ ಬಿಟ್ಟವರು ಆ ಕಾರಣಕ್ಕೆ ಹಿಂಜರಿಯಬೇಕಿಲ್ಲ. ಆದರೂ ಬೋರ್ಡು ಓದಲು, ಬಿಲ್ಲಿನ ಅಂಕಿ ತಾಳೆ ನೋಡಲು ಬರಲೇಬೇಕು.

ಕ್ರಮ ಹೀಗೆ. ಲೈಸೆನ್ಸಿನ ಕೆಲಸಕ್ಕಿರುವ ಸರ್ಕಾರದ ಸಾರಥಿ ಪೋರ್ಟಲ್ಲಿನಲ್ಲಿ ಹಾಲಿ ಲೈಸೆನ್ಸಿಗೆ ಹೊಸ ವರ್ಗ ಸೇರಿಸಲು ಅರ್ಜಿ ಹಾಕಿ, ಭಾರಿ ವಾಹನದ ಕಲಿಕಾ ಲೈಸೆನ್ಸ್ ಪಡೆಯಿರಿ. ಅದಕ್ಕೆ 6 ತಿಂಗಳ ಅವಧಿ. 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಮಾನ್ಯತೆ ಪಡೆದ ಡ್ರೈವಿಂಗ್ ಸ್ಕೂಲಿನ ನಮೂನೆ 5 ತರಬೇತಿ ಪತ್ರ ಜೊತೆಗಿರಬೇಕು. ನಮ್ಮ ಜಿಲ್ಲೆಯಲ್ಲಿ ಕಾರವಾರ, ಶಿರಸಿ, ಹೊನ್ನಾವರ, ದಾಂಡೇಲಿ ನಾಲ್ಕು ಕಡೆ ಸಾರಿಗೆ ಕಚೇರಿಗಳಿವೆ. ಗಾಡಿ ನಂಬರಿನಲ್ಲಿ ಕೆಎ 30, 31, 47, 65 ಎಂದು ಕಾಣುವುದು ಇವೇ. ಸಾರಿಗೆ ವಾಹನದ ಲೈಸೆನ್ಸ್ 5 ವರ್ಷಕ್ಕೊಮ್ಮೆ ನವೀಕರಣ. ಅವಧಿ ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ.

ತರಬೇತಿ ಪತ್ರ ದುಡ್ಡಿಗೆ ಸಿಗುತ್ತದೆ, ಬರುವುದೇ ಬೇಡ ಅನ್ನುವವರು ಇದ್ದಾರೆ. ಅವರ ಬಾಗಿಲಿಗೆ ಹೋಗಬೇಡಿ. ಆ ಗಂಟೆಗಳನ್ನು ನೀವು ಕಳೆದುಕೊಂಡರೆ ಆಮೇಲೆ ಮತ್ತೊಬ್ಬರ ಹತ್ತು ಟನ್ ಮಾಲಿನ ಜೊತೆ ಕಲಿಯಬೇಕಾಗುತ್ತದೆ. ಸ್ಕೂಲು ಆರಿಸುವಾಗ ಒಂದೇ ಪ್ರಶ್ನೆ ಕೇಳಿ: ಊರೊಳಗೆ, ಏರಿನಲ್ಲಿ, ರಿವರ್ಸಿನಲ್ಲಿ ಮೂರೂ ಕಡೆ ಗಾಡಿ ಕೊಡುತ್ತೀರಾ?

ಸಣ್ಣ ಗಾಡಿಯ ವರ್ಷ

ಲಘು ವಾಹನದ ಲೈಸೆನ್ಸ್ ಕೈಗೆ ಬಂದು ಹೆವಿಗೆ ಕಾಯುವ ವರ್ಷ, ವಯಸ್ಸು 20 ತುಂಬಿದ್ದರೆ, ಸುಮ್ಮನೆ ಕೂರಬೇಕಾಗಿಲ್ಲ. ಒಟ್ಟು ತೂಕ 7,500 ಕಿಲೋ ಮೀರದ ಸರಕು ವಾಹನವನ್ನು ಎಲ್‌ಎಂವಿ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಖಚಿತ ಮಾಡಿದೆ. ಗಾಡಿ ಮತ್ತು ಮಾಲು ಸೇರಿದ ತೂಕ ಅದು, ಗಾಡಿಯ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ಬರೆದಿರುತ್ತದೆ. ಆರ್‌ಸಿ ನೋಡದೆ ಗಾಡಿಯ ಗಾತ್ರ ನೋಡಿ ಅಂದಾಜು ಮಾಡಬೇಡಿ.

ಟಾಟಾ ಏಸ್, ಬೊಲೆರೋ ಪಿಕಪ್ಪಿನಂಥ ಗಾಡಿಗಳಲ್ಲಿ ಮೀನು, ತರಕಾರಿ, ಹಾಲು, ಸಿಮೆಂಟು ಹೊಡೆಯುವ ಕೆಲಸ ಎಲ್ಲ ತಾಲೂಕಿನಲ್ಲೂ ಇದೆ. ಕಾರವಾರದ ಬೈತಖೋಲ್, ಕುಮಟೆಯ ಬಳಿಯ ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಿಂದ ಮೀನು ಹೊತ್ತು ಓಡುವ ಗಾಡಿಗಳೇ ಎಷ್ಟೋ. ಮೀನಿನ ಕೆಲಸ ಸಮಯ ಕಲಿಸುತ್ತದೆ. ಐಸು ಕರಗುವ ಮೊದಲು ಮುಟ್ಟಬೇಕು, ಆದರೆ ಹಾಗಂತ ಓಡಿಸಿ ಸಾಯಬಾರದು. ಹೊರಡುವ ಹೊತ್ತು ಮುಂದೆ ಹಾಕಿದರೆ ವೇಗ ಹೆಚ್ಚಿಸುವ ಪ್ರಸಂಗವೇ ಬರುವುದಿಲ್ಲ ಎಂದು ತಿಳಿಯುವುದಕ್ಕೆ ಆರು ತಿಂಗಳು ಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ, ಆ ಎರಡು ತಿಂಗಳು ಮೀನಿನ ಟ್ರಿಪ್ಪುಗಳು ತೀರಾ ಕಡಿಮೆ. ಭಾರಿ ವಾಹನದ ತರಬೇತಿಗೆ ಅದೇ ಸರಿಯಾದ ಕಾಲ.

ಬೆಳಗಿನ ಒಂದು ಸುತ್ತು

ಕೀಲಿ ತಿರುಗಿಸುವ ಮೊದಲು ಲಾರಿಯ ಸುತ್ತ ಒಂದು ಸುತ್ತು ಬನ್ನಿ. ದಿನಾ. ಮಳೆ ಬಂದರೂ, ತಡವಾಗಿದ್ದರೂ.

ಮುಂದಿನ ಎಡಗಡೆಯಿಂದ ಶುರು ಮಾಡಿ. ಟಯರಿನ ಮೈಯಲ್ಲಿ ಸೀಳು, ಉಬ್ಬು ಇದೆಯಾ. ನಟ್ಟುಗಳ ಸುತ್ತ ತುಕ್ಕಿನ ಗೆರೆ ಇಳಿದಿದ್ದರೆ ಆ ನಟ್ಟು ಸಡಿಲಾಗಿದೆ ಅಂತ ಅರ್ಥ. ಹಿಂದಿನ ಜೋಡಿ ಟಯರುಗಳ ನಡುವೆ ಕೈದೀಪ ಹಾಕಿ ನೋಡಿ. ಜಲ್ಲಿ ಕಲ್ಲು, ಚಿರೆಕಲ್ಲಿನ ತುಂಡು ಅಲ್ಲಿ ಸಿಕ್ಕಿಕೊಂಡು ಕೂತಿದ್ದರೆ ಎರಡೂ ಟಯರನ್ನು ಒಟ್ಟಿಗೆ ತಿನ್ನುತ್ತದೆ. ಒಳಗಿನ ಟಯರ್ ಇಳಿದಿದ್ದರೆ ಹೊರಗಿನದು ಭಾರ ಹೊತ್ತು ಮುಚ್ಚಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅದಕ್ಕೇ ಕಬ್ಬಿಣದ ರಾಡಿನಿಂದ ಪ್ರತಿ ಟಯರಿಗೂ ಒಂದು ಪೆಟ್ಟು. ತುಂಬಿದ ಟಯರ್ ರಾಡನ್ನು ಟಣ್ಣನೆ ಹಿಂದಕ್ಕೆ ಹಾರಿಸುತ್ತದೆ. ಇಳಿದದ್ದು ಬೊದ್ದು ಸದ್ದು ಮಾಡಿ ರಾಡನ್ನು ಅಲ್ಲೇ ಹಿಡಿದುಕೊಳ್ಳುತ್ತದೆ. ಹತ್ತು ದಿನ ತಟ್ಟಿದರೆ ಕಿವಿಗೆ ವ್ಯತ್ಯಾಸ ಕೂರುತ್ತದೆ.

ಪಟ್ಟಾ, ಅಂದರೆ ಚಕ್ರದ ಮೇಲಿನ ಸ್ಪ್ರಿಂಗಿನ ಎಲೆ ತುಂಡಾಗಿದೆಯಾ, ಆ ಎಲೆಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟ್ ಜರುಗಿದೆಯಾ ಬಗ್ಗಿ ನೋಡಿ. ಗಾಳಿ ಟ್ಯಾಂಕಿನ ಅಡಿಯ ವಾಲ್ವ್ ಎಳೆದು ನೀರು ಬಿಡಿ. ಕರಾವಳಿಯ ತೇವಕ್ಕೆ ಆ ಟ್ಯಾಂಕಿನಲ್ಲಿ ನೀರು ಬೇಗ ಕೂಡುತ್ತದೆ. ನೀರು ನಿಂತಷ್ಟೂ ಬ್ರೇಕಿಗೆ ಸಿಗುವ ಗಾಳಿಯ ಜಾಗ ಕಡಿಮೆ. ಆಮೇಲೆ ಎಂಜಿನ್ ಹಚ್ಚಿ, ಗಾಳಿ ಮೀಟರಿನ ಮುಳ್ಳು ಪೂರ್ತಿ ಏರಲಿ. ಎಂಜಿನ್ ಬಂದ್ ಮಾಡಿ, ಬ್ರೇಕ್ ಪೆಡಲ್ ಒತ್ತಿಹಿಡಿದು ಒಂದು ನಿಮಿಷ ಮುಳ್ಳನ್ನೇ ನೋಡಿ. ಮುಳ್ಳು ಇಳಿಯುತ್ತಲೇ ಇದ್ದರೆ, ಎಲ್ಲಿಂದಲೋ ಹಿಸ್ ಅನ್ನುವ ಸದ್ದು ಬರುತ್ತಿದ್ದರೆ, ಆ ಗಾಡಿ ಹೊರಡಬಾರದು. ಓನರ್ ಏನೇ ಅಂದರೂ ಹೊರಡಬಾರದು.

ಘಟ್ಟ ಇಳಿಯುವುದು

ಅರಬೈಲ್ ಘಟ್ಟವನ್ನೇ ಹಿಡಿದು ಹೇಳುತ್ತೇನೆ. ಹುಬ್ಬಳ್ಳಿ–ಅಂಕೋಲಾ ಹೆದ್ದಾರಿ 52ರಲ್ಲಿ ಯಲ್ಲಾಪುರ, ಇಡಗುಂದಿ ದಾಟಿದ ಮೇಲೆ ಇಳಿಜಾರು ಶುರು. ಮೊದಲ ಸಲ ತುಂಬಿದ ಲಾರಿಯಲ್ಲಿ ನಾನು ಅಲ್ಲಿಗೆ ಬಂದಾಗ ಪಕ್ಕದಲ್ಲಿ ಕುಳಿತ ಹಿರಿಯರು, "ನಿಲ್ಸು ತಮಾ" ಅಂದರು. ಸಮತಟ್ಟು ಜಾಗದಲ್ಲಿ ನಿಲ್ಲಿಸಿದೆ. ಇಳಿದು ಹಗ್ಗ ನೋಡಿದೆವು, ಟಯರ್ ನೋಡಿದೆವು. ಮತ್ತೆ ಹತ್ತಿ ಕುಳಿತಾಗ ಅವರು ಹೇಳಿದ್ದು ಇಷ್ಟೇ: "ಇಲ್ಲೇ ಗೇರ್ ಹಾಕ್ಕೋ. ಕೆಳಗೆ ಹೋಗಿ ಹಾಕ್ಕೊಳ್ತೆ ಅಂದ್ರೆ ಅದು ಬೀಳೂದಿಲ್ಲ."

ಇದರ ಅರ್ಥ ಬಿಡಿಸಿ ಹೇಳಬೇಕು. ಇಳಿಜಾರಿನಲ್ಲಿ ಭಾರವೇ ಗಾಡಿಯನ್ನು ತಳ್ಳುತ್ತದೆ. ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ ಆ ತಳ್ಳುವಿಕೆಯನ್ನು ತಡೆದು ಹಿಡಿಯುತ್ತದೆ. ಮೇಲಿನ ಗೇರಿನಲ್ಲಿ ಇಳಿಯತೊಡಗಿ, ವೇಗ ಏರಿದ ಮೇಲೆ ಗೇರ್ ಇಳಿಸಲು ಹೋದರೆ ಹಲ್ಲುಗಳು ಕೂಡುವುದಿಲ್ಲ. ಗೇರ್ ನ್ಯೂಟ್ರಲ್ಲಿಗೆ ಬಂದು ನಿಲ್ಲುತ್ತದೆ. ಆಗ ಎಂಜಿನ್ನಿನ ಹಿಡಿತ ಹೋಯಿತು, ಉಳಿದದ್ದು ಬ್ರೇಕ್ ಒಂದೇ. ಬ್ರೇಕ್ ಲೈನರ್ ಉಜ್ಜಿ ಉಜ್ಜಿ ಕಾದು ಹೋದರೆ ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಬ್ರೇಕ್ ಫೇಲಾಯಿತು ಎಂದು ಪತ್ರಿಕೆಯಲ್ಲಿ ಓದುವ ಅಪಘಾತಗಳಲ್ಲಿ ಹಲವು ನಡೆಯುವುದು ಹೀಗೆಯೇ.

ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ ಎಂಬುದು ಹಳೆಯ ಮಾತು. ಈಗಿನ ಎಂಜಿನ್ನುಗಳಿಗೆ ಬಲ ಹೆಚ್ಚು, ಮೇಲಿನ ಗೇರಿನಲ್ಲೂ ಸಲೀಸಾಗಿ ಹತ್ತಿಬಿಡುತ್ತವೆ. ಆದ್ದರಿಂದ ಹತ್ತಿದ್ದಕ್ಕಿಂತ ಒಂದು ಗೇರ್ ಕೆಳಗೆ ಎಂದು ನಾನು ಹೇಳುತ್ತೇನೆ. ಎಂಜಿನ್ನಿನ ಹೊಗೆಯ ದಾರಿ ತಡೆದು ಗಾಡಿ ನಿಧಾನ ಮಾಡುವ ಎಕ್ಸಾಸ್ಟ್ ಬ್ರೇಕನ್ನು ಮೇಲಿನಿಂದಲೇ ಹಾಕಿಟ್ಟುಕೊಳ್ಳಿ. ಪೆಡಲ್ ಮೇಲೆ ಕಾಲು ಒರಗಿಸಿ ಇಡಬೇಡಿ. ವೇಗ ಮಿತಿಗೆ ಬಂದಾಗ ಗಟ್ಟಿಯಾಗಿ ಒಮ್ಮೆ ಒತ್ತಿ, ವೇಗವನ್ನು ಗಂಟೆಗೆ ಏಳೆಂಟು ಕಿಲೋಮೀಟರ್ ಇಳಿಸಿ, ಕಾಲು ಪೂರ್ತಿ ತೆಗೆಯಿರಿ. ಬ್ರೇಕ್ ಡ್ರಮ್ಮಿಗೆ ತಣಿಯಲು ಹೊತ್ತು ಸಿಗಲಿ. ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಬಿಡುವವರು ಈಗಲೂ ಇದ್ದಾರೆ. ಅಂಥವರ ಪಕ್ಕದ ಸೀಟಿನಲ್ಲಿ ಕೂಡ ಕೂರಬೇಡಿ.

ಸುಟ್ಟ ಲೈನರಿನ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಹಳೆಯ ರಬ್ಬರ್ ಚಪ್ಪಲಿ ಒಲೆಗೆ ಬಿದ್ದಂತೆ, ಅದರ ಜೊತೆ ಕಬ್ಬಿಣ ಕಾದ ಒಗರು. ಆ ವಾಸನೆ ಬಂತೆಂದರೆ ಅಗಲ ಜಾಗ ನೋಡಿ ನಿಲ್ಲಿಸಿ, ಗೇರಿನಲ್ಲೇ ಬಿಡಿ, ಚಕ್ರ ಉರುಳದಂತೆ ಅಡಿಗೆ ಗುಟ್ಟ, ಅಂದರೆ ಅಡ್ಡತುಂಡು ಕೊಡಿ. ಕಾದ ಡ್ರಮ್ಮಿನ ಮೇಲೆ ನೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಕಾಯಿರಿ. ಗುಟ್ಟ ಇಲ್ಲವೆಂದು ರಸ್ತೆಬದಿಯ ಕಲ್ಲು ಇಟ್ಟಿದ್ದರೆ ಹೊರಡುವಾಗ ಎತ್ತಿ ಚರಂಡಿಯಾಚೆ ಹಾಕಿ. ರಸ್ತೆಯಲ್ಲೇ ಬಿಟ್ಟ ಆ ಕಲ್ಲಿಗೆ ರಾತ್ರಿ ಬೈಕಿನವನೊಬ್ಬ ಬಡಿದು ಬೀಳುತ್ತಾನೆ. ಬಿದ್ದವನನ್ನು ನಾನು ಎತ್ತಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಕುಮಟಾ–ಶಿರಸಿ ದಾರಿಯ ದೇವಿಮನೆಯದು ಬೇರೆ ಪಾಠ. ಅಲ್ಲಿ ತಿರುವು ಹೆಚ್ಚು. ತಿರುವಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸುತ್ತದೆ. ಗಾಡಿ ಉದ್ದವಾದಷ್ಟೂ ಹೆಚ್ಚು. ಕೆಳಗಿನಿಂದ ಬಸ್ಸು ಬರುತ್ತಿದ್ದರೆ ತಿರುವಿಗೆ ಮೊದಲೇ ನಿಂತು ದಾರಿ ಬಿಡಿ. ಘಟ್ಟದಲ್ಲಿ ಹತ್ತುವ ಗಾಡಿಗೆ ಮೊದಲ ಹಕ್ಕು, ಇದು ಸೌಜನ್ಯದ ಮಾತಷ್ಟೇ ಅಲ್ಲ, ರಸ್ತೆ ನಿಯಮ. ಮಳೆಗಾಲದಲ್ಲಿ ಯಾವ ಘಟ್ಟಕ್ಕೆ ಭಾರಿ ವಾಹನ ಬಿಡುತ್ತಾರೆ, ಯಾವುದಕ್ಕೆ ಬಿಡುವುದಿಲ್ಲ ಎಂಬುದು ಜಿಲ್ಲಾಡಳಿತದ ಆದೇಶದ ಮೇಲೆ ಬದಲಾಗುತ್ತಿರುತ್ತದೆ. ಲೋಡು ಒಪ್ಪುವ ಮೊದಲೇ ವಿಚಾರಿಸಿಕೊಳ್ಳಿ.

ಮಾಲಿನ ಮೇಲೆ ಜನ ಹತ್ತಿಸಬೇಡಿ. 2025ರ ಜನವರಿ 22ರ ಬುಧವಾರ ಸವಣೂರಿನಿಂದ ಕುಮಟಾ ಸಂತೆಗೆ ವ್ಯಾಪಾರಿಗಳನ್ನೂ ಅವರ ಹಣ್ಣು ತರಕಾರಿಯನ್ನೂ ಹೊತ್ತು ಬರುತ್ತಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಕಂದಕಕ್ಕೆ ಉರುಳಿ 10 ಜನ ತೀರಿಕೊಂಡರು. ಸಂತೆಗೆ ಹೊರಟ ಬಡವರು. "ಒಂದು ಸ್ವಲ್ಪ ದೂರ ಅಣ್ಣಾ" ಅಂದರೆ ಇಲ್ಲವೆನ್ನಲು ಮನಸ್ಸಾಗುವುದಿಲ್ಲ, ನನಗೂ ಗೊತ್ತು. ಇಲ್ಲ ಅನ್ನಲೇಬೇಕು.

ಲೋಡು, ಹಗ್ಗ, ತಾಡಪಾಲು

ಭಾರ ಮುಂದೆ ಹೆಚ್ಚಾದರೆ ಸ್ಟಿಯರಿಂಗ್ ಬಿಗಿ, ಹಿಂದೆ ಹೆಚ್ಚಾದರೆ ಏರಿನಲ್ಲಿ ಮೂತಿ ಹಗುರ. ಹಮಾಲರು ತುಂಬುವಾಗ ನೀವು ಚಹಾಕ್ಕೆ ಹೋಗದೆ ಅಲ್ಲೇ ನಿಲ್ಲಿ. 2018ರಲ್ಲಿ ಮಿತಿ ಏರಿಸಿದ ಮೇಲೆ ಆರು ಚಕ್ರದ ಎರಡು ಆಕ್ಸಲ್ ಲಾರಿಗೆ ಒಟ್ಟು 18.5 ಟನ್, ಹತ್ತು ಚಕ್ರದ ಮೂರು ಆಕ್ಸಲ್ಲಿಗೆ 28.5 ಟನ್ ಎಂದಾಯಿತು. ಆದರೆ ನಿಮ್ಮ ಗಾಡಿಯ ಆರ್‌ಸಿಯಲ್ಲಿ ಏನಿದೆಯೋ ಅದೇ ನಿಮ್ಮ ಮಿತಿ. ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನಲ್ಲಿ ಹೆಚ್ಚು ಲೋಡಿಗೆ 20,000 ರೂಪಾಯಿ ದಂಡ, ಅದರ ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ಎಂದಿದೆ. ದಂಡವನ್ನು ಓನರ್ ಕಟ್ಟಬಹುದು. ಘಟ್ಟ ಇಳಿಸುವವರು ನೀವು.

ಶಿರಸಿಯ ಅಡಿಕೆ ಲೋಡಿನಲ್ಲಿ ನಾನು ಪಾಠ ಕಲಿತೆ. ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆಯ ಮೂಟೆಗಳು, ಗುಜರಾತಿಗೆ. ತಾಡಪಾಲಿನ ಮಡಿಕೆಯಲ್ಲಿ ಬೆರಳು ತೂರುವಷ್ಟು ತೂತಿತ್ತು. ಬಿಸಿಲಿತ್ತು, ನೋಡಿಯೂ ಹೊರಟೆ. ಬೆಳಗಾವಿ ದಾಟಿದ ಮೇಲೆ ಮಳೆ ಹಿಡಿಯಿತು. ಮುಟ್ಟಿದಾಗ ಮೇಲಿನ ಆರು ಮೂಟೆ ತೊಯ್ದು ಬೂಷ್ಟು ಹಿಡಿಯಲು ಶುರುವಾಗಿತ್ತು. ಒದ್ದೆಯಾದ ಅಡಿಕೆಗೆ ದರವಿಲ್ಲ. ಆ ನಷ್ಟ ನನ್ನ ಸಂಬಳದಲ್ಲಿ ಮೂರು ತಿಂಗಳು ಮುರಿಯಿತು. ಅಂದಿನಿಂದ ತಾಡಪಾಲನ್ನು ನೆಲದ ಮೇಲೆ ಹಾಸಿ, ಬೆಳಕಿಗೆ ಎತ್ತಿ ಹಿಡಿದು ನೋಡದೆ ಹೊದಿಸುವುದಿಲ್ಲ. ಹೊದಿಸುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ, ಮುಂದಿನ ಪದರ ಮೇಲೆ ಬರಬೇಕು. ಇಲ್ಲದಿದ್ದರೆ ಗಾಡಿಯ ಗಾಳಿಯೇ ಮಳೆನೀರನ್ನು ಒಳಗೆ ನುಗ್ಗಿಸುತ್ತದೆ. ಹೊರಟು ಇಪ್ಪತ್ತು ಮೂವತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಹಗ್ಗ ಬಿಗಿ ಮಾಡಿ. ಆ ಹೊತ್ತಿಗೆ ಲೋಡು ಕುಸಿದು ಕೂತಿರುತ್ತದೆ.

ಕಾಗದಪತ್ರ

ಆರ್‌ಸಿ, ಎಫ್‌ಸಿ (ಫಿಟ್‌ನೆಸ್ ಪತ್ರ), ಪರ್ಮಿಟ್, ವಿಮೆ, ತೆರಿಗೆ, ಹೊಗೆ ಪ್ರಮಾಣಪತ್ರ, ನಿಮ್ಮ ಲೈಸೆನ್ಸ್. ಎಲ್ಲದರ ಮುಗಿಯುವ ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಸನ್‌ವೈಸರಿಗೆ ಸಿಕ್ಕಿಸಿ. ಡಿಜಿಲಾಕರ್, ಎಂ-ಪರಿವಾಹನ್ ಆ್ಯಪಿನಲ್ಲಿ ತೋರಿಸಿದರೂ ನಡೆಯುತ್ತದೆ. ಆದರೆ ಘಟ್ಟದಲ್ಲಿ ನೆಟ್‌ವರ್ಕ್ ಸಿಗದು, ಮೂಲಪ್ರತಿಯೋ ನಕಲೋ ಜೊತೆಗಿರಲಿ.

ಮಾಲಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್, ಅಂದರೆ ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಪತ್ರ ಬೇಕು. ಅದರಲ್ಲಿ ನಿಮ್ಮ ಗಾಡಿಯ ನಂಬರೇ ಇದೆಯಾ ನೋಡಿ. ಸಾಮಾನ್ಯ ಮಾಲಿಗೆ ಪ್ರತಿ 200 ಕಿಲೋಮೀಟರಿಗೆ 1 ದಿನದಂತೆ ಅವಧಿ. ಗಾಡಿ ಕೆಟ್ಟು ಇನ್ನೊಂದಕ್ಕೆ ಮಾಲು ಬದಲಿಸಿದರೆ ಹೊಸ ನಂಬರ್ ಹಾಕಿಸದೆ ಒಂದು ಹೆಜ್ಜೆ ಮುಂದಿಡಬೇಡಿ. ಮರಳು, ಜಲ್ಲಿ, ಚಿರೆಕಲ್ಲು ಹೊಡೆಯುವ ಟಿಪ್ಪರಿಗೆ ಗಣಿ ಇಲಾಖೆಯ ಸಾಗಣೆ ಪರವಾನಗಿ ಬೇಕು. ಪಾಸಿಲ್ಲದ ಮರಳು ಹೊತ್ತು ಸಿಕ್ಕಿಬಿದ್ದರೆ ಗಾಡಿ ಜಪ್ತಿ, ಕೇಸು ಚಾಲಕನ ಮೇಲೂ. ರಾತ್ರಿ ಕೂಲಿ ಎರಡು ಪಟ್ಟು ಎನ್ನುವ ಟಿಪ್ಪರ್ ಕೆಲಸಕ್ಕೆ ಹೊಸಬರು ಹೋಗಬೇಡಿ.

ಯಾವ ಲೋಡಿನ ಕೆಲಸ

ನಮ್ಮಲ್ಲಿ ಆಯ್ಕೆ ಇದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ, ಬನವಾಸಿ ಕಡೆಯ ಅನಾನಸು ಉತ್ತರ ಭಾರತದ ದೂರದ ದಾರಿ. ದಾಂಡೇಲಿಯ ಕಾಗದ ಕಾರ್ಖಾನೆಗೆ ಮರ, ಅಲ್ಲಿಂದ ಕಾಗದ. ಕಾರವಾರ ಬಂದರು ಮತ್ತು ಬಿಣಗಾದ ಸುತ್ತಮುತ್ತ ಡಾಂಬರು, ಇಂಧನ, ಕಾಸ್ಟಿಕ್ ಟ್ಯಾಂಕರುಗಳು. ಗೋಕರ್ಣದ ಹತ್ತಿರದ ಸಾಣಿಕಟ್ಟೆಯ ಉಪ್ಪು. ಉಪ್ಪು ಹೊಡೆಯುವ ಗಾಡಿಯ ಚಾಸಿ ತೊಳೆದಿಟ್ಟುಕೊಳ್ಳದಿದ್ದರೆ ತುಕ್ಕು ತಿಂದುಹಾಕುತ್ತದೆ.

ಟ್ಯಾಂಕರಿನಲ್ಲಿ ಸಂಬಳ ಸ್ವಲ್ಪ ಚೆನ್ನಾಗಿರುತ್ತದೆ, ಹಮಾಲರಿಗೆ ಕಾಯುವ ತಾಪತ್ರಯವಿಲ್ಲ. ಆದರೆ ಅಪಾಯಕಾರಿ ಸರಕಿಗೆ 3 ದಿನದ ವಿಶೇಷ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದು ಮಾಡಿಸಬೇಕು. ಅದರ ಅವಧಿ 3 ವರ್ಷ, ನವೀಕರಣಕ್ಕೆ ಮತ್ತೆ 1 ದಿನದ ತರಬೇತಿ. ಟ್ಯಾಂಕರಿನೊಳಗಿನ ದ್ರವ ತಿರುವಿನಲ್ಲಿ ಒಂದು ಬದಿಗೆ ನುಗ್ಗುತ್ತದೆ. ಅರ್ಧ ತುಂಬಿದ ಟ್ಯಾಂಕರ್ ಪೂರ್ತಿ ತುಂಬಿದ್ದಕ್ಕಿಂತ ಕಷ್ಟ. 2015ರ ಸೆಪ್ಟೆಂಬರಿನಲ್ಲಿ ಕುಮಟಾ ತಾಲೂಕಿನ ಬರ್ಗಿಯಲ್ಲಿ ಗ್ಯಾಸ್ ಟ್ಯಾಂಕರ್ ಪಲ್ಟಿಯಾಗಿ ಬೆಂಕಿ ಹೊತ್ತಿ ಮನೆಯಲ್ಲಿದ್ದವರೂ ಸುಟ್ಟುಹೋದದ್ದು ಈ ಕರಾವಳಿ ಮರೆತಿಲ್ಲ. ಮೊದಲ ಎರಡು ವರ್ಷ ಟ್ಯಾಂಕರ್ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಓನರ್ ಹತ್ತಿರ ಮಾತು

ಸೇರುವ ಮೊದಲೇ ಕೇಳಬೇಕಾದದ್ದನ್ನು ಕೇಳಿ. ತಿಂಗಳ ಸಂಬಳವೋ, ಟ್ರಿಪ್ಪಿನ ಲೆಕ್ಕವೋ, ಬಾಡಿಗೆಯಲ್ಲಿ ಪಾಲೋ? ಬಾಟಾ, ಅಂದರೆ ದಾರಿಖರ್ಚಿನ ಭತ್ಯೆ, ದಿನಕ್ಕೋ ಟ್ರಿಪ್ಪಿಗೋ? ಲೋಡು ಸಿಗದೆ ಕಾಯುವ ದಿನಗಳಿಗೆ ಬಾಟಾ ಉಂಟಾ? ಪಂಕ್ಚರ್, ಹಮಾಲಿ, ಚೆಕ್‌ಪೋಸ್ಟ್ ಖರ್ಚು ಯಾರದ್ದು? ಡೀಸೆಲ್ ಮೈಲೇಜ್ ಕಡಿಮೆ ಬಂದರೆ ಸಂಬಳದಲ್ಲಿ ಮುರಿಯುತ್ತಾರಾ? ನಾಚಿಕೆ ಪಟ್ಟು ಕೇಳದೆ ಬಿಟ್ಟರೆ ತಿಂಗಳ ಕೊನೆಗೆ ಜಗಳ. ಒಂದು ನೂರು ಪುಟದ ನೋಟ್‌ಬುಕ್ ಇಟ್ಟು ತಾರೀಕು, ಕಿಲೋಮೀಟರ್, ಡೀಸೆಲ್, ಅಡ್ವಾನ್ಸ್, ಖರ್ಚು ಬರೆಯಿರಿ. ದಿನದ ಲೆಕ್ಕ ದಿನವೇ. ಬರೆದಿಟ್ಟವನ ಮಾತಿಗೆ ಓನರ್ ಕೂಡ ಬೆಲೆ ಕೊಡುತ್ತಾರೆ.

ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಾರಿಗೆ ಸಂಸ್ಥೆಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಇತ್ತು. ರಸ್ತೆಯಲ್ಲಿ ಇದು ನಡೆಯುವುದು ಕಡಿಮೆ. ಗೊತ್ತಿದ್ದರೆ ಮಾತಾಡಲು ಬಲ ಬರುತ್ತದೆ. ರಾಜ್ಯದ ಕಾರ್ಮಿಕ ಇಲಾಖೆಯಲ್ಲಿ ಖಾಸಗಿ ವಾಣಿಜ್ಯ ವಾಹನ ಚಾಲಕರಿಗೆ ಅಪಘಾತ ಪರಿಹಾರ ಯೋಜನೆ ಇದೆ, ಅಪಘಾತದಲ್ಲಿ ಚಾಲಕ ತೀರಿಕೊಂಡರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ಊರಿನ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಿಚಾರಿಸಿ, ಮನೆಯವರಿಗೂ ತಿಳಿಸಿಡಿ. ಲೈಸೆನ್ಸ್ ಚಾಲ್ತಿಯಲ್ಲಿಲ್ಲದಿದ್ದರೆ ಇಂಥ ಯಾವುದೂ ಕೈಗೆ ಬರುವುದಿಲ್ಲ.

ನಿದ್ದೆ, ಮತ್ತು ನಿಲ್ಲಿಸುವ ಜಾಗ

ರಾತ್ರಿ ಎರಡರಿಂದ ಬೆಳಗಿನ ಐದರವರೆಗಿನ ಹೊತ್ತು ನಿದ್ದೆಯದ್ದು, ಅದನ್ನು ಚಹಾ ಕುಡಿದು, ಗುಟ್ಕಾ ಹಾಕಿ ಗೆಲ್ಲಲು ಆಗದು. ರಸ್ತೆಯ ಬಿಳಿ ಗೆರೆ ಎರಡಾಗಿ ಕಂಡರೆ, ಕಳೆದ ಊರು ಯಾವುದೆಂದು ನೆನಪಾಗದಿದ್ದರೆ ಆಗಲೇ ನಿಲ್ಲಿಸಿ. ಅರ್ಧ ಗಂಟೆ ಮಲಗಿ ಎದ್ದರೂ ಸಾಕಾಗುತ್ತದೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದು ನಮ್ಮ ಜಿಲ್ಲೆಯಲ್ಲಿ ಜೀವದ ಪ್ರಶ್ನೆ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿಯಿತು. ಒಂದು ಬದಿ ಕಡಿದ ಗುಡ್ಡ, ಇನ್ನೊಂದು ಬದಿ ಗಂಗಾವಳಿ ಹೊಳೆ, ನಡುವೆ ಲಾರಿಯವರು ನಿಲ್ಲುತ್ತಿದ್ದ ಚಹಾ ಅಂಗಡಿ. ಮರ ಹೇರಿಕೊಂಡು ಹೊರಟಿದ್ದ ಕೇರಳದ ಚಾಲಕನ ಲಾರಿ ಹೊಳೆಯಡಿ ಸಿಕ್ಕಿದ್ದು 72ನೇ ದಿನಕ್ಕೆ, ಕ್ಯಾಬಿನ್ನಿನೊಳಗೆ ಆ ಹುಡುಗನ ದೇಹದೊಂದಿಗೆ. ನಾವೆಲ್ಲ ನಿಂತು ಚಹಾ ಕುಡಿದ ಜಾಗ ಅದು. ಹೊರಜಿಲ್ಲೆಯವರು ಇದನ್ನು ಬೈಂದೂರಿನ ಬಳಿಯ ಟೋಲ್ ಇರುವ ಶಿರೂರು ಅಂದುಕೊಳ್ಳುತ್ತಾರೆ, ಅದು ಬೇರೆ.

ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಲಾರಿ ನಿಲ್ಲಿಸಿ ಮಲಗಬೇಡಿ. ಗುಡ್ಡದಿಂದ ಬರುವ ನೀರು ಕೆಸರಿನ ಬಣ್ಣಕ್ಕೆ ತಿರುಗಿದರೆ, ಸಣ್ಣ ಕಲ್ಲು ಮಣ್ಣು ಉದುರುತ್ತಿದ್ದರೆ, ಮರ ವಾಲಿದ್ದರೆ ಅಲ್ಲಿಂದ ಹೊರಡಿ. ಪೆಟ್ರೋಲ್ ಬಂಕ್, ಅಂಕೋಲೆಯ ಹಟ್ಟಿಕೇರಿ ಟೋಲ್, ಕುಮಟೆಯ ಹೊಳೆಗದ್ದೆ ಟೋಲ್ ಸುತ್ತಲಿನ ಬಯಲು, ಊರೊಳಗಿನ ಎತ್ತರದ ಜಾಗ ಇವು ಲೇಸು. ಹತ್ತು ಕಿಲೋಮೀಟರ್ ಹೆಚ್ಚು ಓಡಬೇಕಾದರೂ ಓಡಿ.

ಅಪಘಾತವಾದರೆ

ಗಾಡಿ ನಿಲ್ಲಿಸಿ, ಹಜಾರ್ಡ್ ಲೈಟ್ ಹಾಕಿ, ಹಿಂದೆ ದೂರದಲ್ಲಿ ತ್ರಿಕೋನ ಇಡಿ. 108ಕ್ಕೂ 112ಕ್ಕೂ ಫೋನ್ ಮಾಡಿ, ಹೆದ್ದಾರಿಯಾದರೆ 1033. ಗಾಯಗೊಂಡವರಿಗೆ ಚಿಕಿತ್ಸೆ ಕೊಡಿಸುವುದು, 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಚಾಲಕನ ಕರ್ತವ್ಯವೆಂದು ಕಾಯ್ದೆಯ 134ನೇ ಕಲಂ ಹೇಳುತ್ತದೆ. ಜನ ಸೇರಿ ಹೊಡೆಯುವ ಭಯ ಖರೆ, ಅದನ್ನು ನಾನು ಸುಳ್ಳೆನ್ನುವುದಿಲ್ಲ. ಅಂಥ ಹೊತ್ತಿನಲ್ಲಿ ಹತ್ತಿರದ ಠಾಣೆಗೆ ನೇರ ಹೋಗಿ ಹಾಜರಾಗಿ, ದಾರಿಯಲ್ಲೇ 112ಕ್ಕೆ ಹೇಳಿ. ಊರಿಗೆ ಓಡಿಹೋಗಿ ಅಡಗಬೇಡಿ.

ಸ್ವಂತ ಲಾರಿ

ಮೂರು ವರ್ಷವಾದರೂ ಇನ್ನೊಬ್ಬರ ಗಾಡಿ ಓಡಿಸಿ, ನಿಮ್ಮ ನೋಟ್‌ಬುಕ್ಕಿನ ಲೆಕ್ಕ ಮುಂದಿಟ್ಟುಕೊಂಡು ಆಮೇಲೆ ಯೋಚಿಸಿ. ಕಂತು, ವಿಮೆ, ಟಯರ್, ಎರಡು ತಿಂಗಳ ಮಳೆಗಾಲದ ಖಾಲಿ ದಿನಗಳು ಇವನ್ನು ಕಳೆದ ಮೇಲೆ ಚಾಲಕನ ಸಂಬಳವಾದರೂ ಉಳಿಯುತ್ತದಾ ನೋಡಿ. ಹಿಂದಿರುಗುವ ಲೋಡು ಗಟ್ಟಿಯಿಲ್ಲದ ದಾರಿಗೆ ಸ್ವಂತ ಲಾರಿ ಹಾಕಬೇಡಿ. ಹಳೆಯ ಲಾರಿ ಕೊಳ್ಳುವುದಾದರೆ ಬ್ಯಾಂಕ್ ಸಾಲ ತೀರಿದ ಪತ್ರ, ಆರ್‌ಸಿಯಲ್ಲಿ ಸಾಲದ ನಮೂದು ತೆಗೆಸಿದ್ದು, ಬಾಕಿ ತೆರಿಗೆ, ಬಾಕಿ ದಂಡ ನಾಲ್ಕನ್ನೂ ನೋಡಿ. ಮತ್ತೆ ಪರಿಚಯದ ಗಾಡಿ ಮೇಸ್ತ್ರಿಯನ್ನು ಕರೆದುಕೊಂಡು ಹೋಗಿ, ಖಾಲಿ ಗಾಡಿಯಲ್ಲಿ ಅಲ್ಲ, ಲೋಡು ಹಾಕಿಸಿ ಅರಬೈಲಿನಲ್ಲಿ ಒಮ್ಮೆ ಇಳಿಸಿ ನೋಡಿದ ಮೇಲೆಯೇ ಅಡ್ವಾನ್ಸ್ ಕೊಡಿ.